ಬಲಗಡೆಯ ಮೀನಿನ ಕಣ್ಣು

ಮೊನ್ನೆ ಹಾಲಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಅಂಗಡಿಯ ಶಟರಿಗೆ ಒಬ್ಬರು ಬಣ್ಣ ಬಳಿಯುತ್ತಿದ್ದರು. ಮಳೆ ನಿಂತು ಹೊಳವಾದ ಹೊತ್ತು ನೋಡಿ ಹಿಡಿದ ಕೆಲಸ, ಹಾಗಾಗಿ ಗಡಿಬಿಡಿ. ಮುಗಿಸಿದವರೇ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಳ್ಳತೊಡಗಿದರು. ಎನಾಮೆಲ್ ಬಣ್ಣ, ಸೀಮೆಎಣ್ಣೆ, ಅದರ ಮೇಲೆ ಇನ್ನೊಂದು ಮಳೆ ಬರುವ ಗಾಳಿ. ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಕೈ ತಾನಾಗಿ ಚೀಲದೊಳಗಿನ ಫೋನಿಗೆ ಹೋಯಿತು. ಕರೆ ಬಂದಿರಲಿಲ್ಲ.

ನಗು ಬರುವ ಸಂಗತಿ ಏನೆಂದರೆ, ಅರ್ಧ ಗಂಟೆ ಮೊದಲು ಅಲ್ಲೇ ಹತ್ತಿರದ ಶಾಲೆಯೊಂದರಲ್ಲಿ ಹೆಡ್ಮಾಸ್ತರು ಮಕ್ಕಳಿಗೆ ನನ್ನನ್ನು ಪರಿಚಯ ಮಾಡಿಕೊಟ್ಟದ್ದು ಹೀಗೆ: "ಇವರು ಮಕ್ಕಳ ಹೆದರಿಕೆ ಓಡಿಸುವ ಲೇಖಕಿ. ಬರೆಯುವುದೂ ಇವರೇ, ಚಿತ್ರ ಮಾಡುವುದೂ ಇವರೇ." ಮಕ್ಕಳು ಚಪ್ಪಾಳೆ ಹೊಡೆದರು. ನಾನೂ ಹಲ್ಲು ಕಿರಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಅದು ನನಗಾಗಿಯೇ ಹುಟ್ಟಿದ ಗಾದೆ. ನನ್ನಷ್ಟು ಪುಕ್ಕಲು ಹೆಂಗಸು ಕುಂದಾಪುರದಿಂದ ಬೈಂದೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಾದದ್ದು ಐದು ವರ್ಷದ ಹಿಂದಿನ ಮಳೆಗಾಲದಲ್ಲಿ.

ಆ ಮಳೆಗಾಲದ ಕತೆಗೆ ಮೊದಲು ನನ್ನ ಕಸುಬಿನ ಮಾತು ಒಂದಿಷ್ಟು ಹೇಳಬೇಕು. ನಮ್ಮದು ಮರವಂತೆ ದಾಟಿ ಬೈಂದೂರಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಇಳಿದರೆ ಕಡಲಿಗೇ ಮುಟ್ಟುವ ಕೇರಿ. ಅಬ್ಬಿ, ಅಂದರೆ ನನ್ನ ಅಮ್ಮ, ಮೀನು ಮಾರುತ್ತಿದ್ದಳು. ಅಪ್ಪಯ್ಯ ದೋಣಿಗಳಿಗೆ ಬಣ್ಣ ಹೊಡೆದು ಹೆಸರು ಬರೆಯುತ್ತಿದ್ದ. ಎಲ್ಲರೂ ಬರೆಯುವ ಹೆಸರು, ಕಮಲದ ಹೂವುಗಳ ಜೊತೆಗೆ ಅಪ್ಪಯ್ಯ ತನ್ನದೇ ಒಂದು ಗುರುತು ಮಾಡುತ್ತಿದ್ದ. ದೋಣಿಯ ಮೂತಿಯ ಎಡಕ್ಕೊಂದು, ಬಲಕ್ಕೊಂದು ಬಂಗುಡೆ ಮೀನು. ಮೈ, ರೆಕ್ಕೆ, ಬೆನ್ನಿನ ಹಸಿರು ಗೆರೆ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕಪ್ಪು ಬಣ್ಣದಲ್ಲಿ ಎರಡು ಕಣ್ಣು. ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವ ಕೆಲಸ ನನ್ನದು. ನಾನು ಬಣ್ಣ ಕಲಿತದ್ದು ಹಾಗೆ. ಆಮೇಲೆ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದೆ, ಬಸ್ರೂರಿನಲ್ಲಿ ನಾಲ್ಕು ವರ್ಷ ಹಂಗಾಮಿ ಚಿತ್ರಕಲಾ ಟೀಚರಾಗಿ ದುಡಿದೆ, ಯಾರ್ಯಾರದೋ ಮಕ್ಕಳ ಕತೆಗೆ ಚಿತ್ರ ಬರೆದುಕೊಟ್ಟೆ. ಅವರ ಕತೆಗಳಲ್ಲಿ ಏಡಿ ನೆಟ್ಟಗೆ ಮುಂದಕ್ಕೆ ನಡೆಯುವುದನ್ನು ನೋಡಿ ತಲೆಕೆಟ್ಟು, ಕತೆಯನ್ನೂ ನಾನೇ ಬರೆಯತೊಡಗಿದೆ. ಕತ್ತಲೆಗೆ ಹೆದರುವ ಮಗು, ಗುಡುಗಿಗೆ ಹೆದರುವ ಮಗು, ನಾಯಿಗೆ ಹೆದರುವ ಮಗು ಅಂತ ಮೂರು ಪುಸ್ತಕ ಬಂದವು. ಮೂರರಲ್ಲೂ ಕೊನೆಯ ಪುಟದಲ್ಲಿ ಮಗು ಸೊಂಟದ ಮೇಲೆ ಕೈ ಇಟ್ಟು, "ನನಗೀಗ ಹೆದರಿಕೆ ಇಲ್ಲ" ಎನ್ನುತ್ತದೆ. ಜನಕ್ಕೆ ಅದು ಇಷ್ಟವಾಯಿತು. ನನಗೂ ಇಷ್ಟವೇ ಆಗಿತ್ತು. ಎಷ್ಟೇ ಪುಸ್ತಕ ಮಾಡಿದರೂ ಅಪ್ಪಯ್ಯನ ಒಂದು ಪದ್ಧತಿ ಬಿಡಲಿಲ್ಲ. ಚಿತ್ರದಲ್ಲಿ ಯಾರೇ ಇರಲಿ, ಕಾಗೆಯಿರಲಿ ಅಜ್ಜಿಯಿರಲಿ, ಕಣ್ಣು ಕಡೆಗೇ.

ಅಪ್ಪಯ್ಯ ತೀರಿಕೊಂಡ ಮರುವರ್ಷದ ಮಳೆಗಾಲ ಅದು. ನಾನು ಮದುವೆಯಾಗದವಳು, ತಮ್ಮ ಮಂಜನ ಮನೆಯಲ್ಲೇ ಇರುತ್ತೇನೆ. ಎದುರಿನ ಕೋಣೆ ನನ್ನದು. ಮಂಜ ನಾಡದೋಣಿಯವನು. ದೊಡ್ಡ ಬೋಟುಗಳೆಲ್ಲ ಮಳೆಗಾಲದಲ್ಲಿ ಬಂದರಿನಲ್ಲಿ ಮಲಗಿರುವಾಗ ಕಡಲಿಗೆ ಇಳಿಯುವುದು ಈ ನಾಡದೋಣಿಗಳೇ. ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಿಯನ್ನು, ಆ ತೆರೆಗಳ ನಡುವೆ, ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ದಾಟಬೇಕು. ಅಳಿವೆ ದಾಟುವುದೆಂದರೆ ಏನೆಂದು ನಮ್ಮ ಕೇರಿಯ ಹೆಂಗಸರನ್ನು ಕೇಳಬೇಡಿ. ಅವರು ಮಾತು ಬದಲಿಸುತ್ತಾರೆ.

ಜೂನ್ ತಿಂಗಳಲ್ಲಿ ಒಂದು ದಿನ ಮಂಜ ನನ್ನ ಕೋಣೆಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಅಕ್ಕ, ದೋಣಿಗೆ ಬಣ್ಣ ಹೊಡ್ದಾಯ್ತ್. ಮೀನ್ ಒಂದ್ ಬಾಕಿ. ಅಪ್ಪಯ್ಯ ಇಲ್ಲ ಅಲ್ದಾ, ಈ ಸಲ ನೀನೇ ಬರಿ."

ನನಗೆ ಖುಷಿಯಾಯಿತು. ಅಪ್ಪಯ್ಯನ ಹಳೆಯ ಬ್ರಷ್ಷು ಹುಡುಕಿ ತೆಗೆದೆ. ದೋಣಿಯನ್ನು ತೆಂಗಿನ ಗರಿಯ ಚಪ್ಪರದಡಿ ಎಳೆದಿಟ್ಟಿದ್ದರು. ಮಂಜನ ಮಗಳು ಶ್ರಾವ್ಯ ನನ್ನ ಜೊತೆಗೆ ಬಂದು ಕುಕ್ಕರಗಾಲಲ್ಲಿ ಕೂತಳು. ಆಗ ಅವಳಿಗೆ ಏಳು ವರ್ಷ. ನನ್ನ ಎಲ್ಲ ಪುಸ್ತಕಗಳ ಮೊದಲ ಓದುಗಾರ್ತಿ ಅವಳೇ. ಅವಳು ಆಕಳಿಸಿದ ಪುಟವನ್ನು ನಾನು ಹರಿದು ಹಾಕುತ್ತಿದ್ದೆ.

"ಅತ್ತೆ, ಕಣ್ಣ್ ಎಂತಕೆ ಕಡಿಗೆ ಇಡುದ್?" ಎಂದು ಕೇಳಿದಳು.

ಕತೆಗಾತಿಯ ಬಾಯಿ ಸುಮ್ಮನಿರುತ್ತದೆಯೇ? "ನಿನ್ ಅಜ್ಜಯ್ಯ ಹೇಳ್ತಿದ್ರ್," ಅಂತ ಶುರುಮಾಡಿದೆ. "ಕಣ್ಣ್ ಇಟ್ಟ್ ಕೂಡ್ಲೆ ದೋಣಿಗೆ ಜೀವ ಬತ್ತ್. ಎರಡೂ ಕಣ್ಣ್ ಒಟ್ಟಿಗೆ ಇಡ್ಕ್. ಕಣ್ಣಿಲ್ದಿದ್ ದೋಣಿ ನೀರಿಗ್ ಇಳಿದ್ರೆ, ಅದಕ್ಕೆ ವಾಪಾಸ್ ಬಪ್ಪು ದಾರಿ ಕಾಂತಿಲ್ಲ. ಕಡಲಂಗೇ ತಿರುಗ್ತಾ ಇರತ್ತ್."

ಹುಡುಗಿಯ ಕಣ್ಣು ಅಗಲವಾಯಿತು. ಕೇಳುವವರ ಕಣ್ಣು ಹಾಗೆ ಅಗಲವಾದರೆ ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಸಂಭಾವನೆ ಇಲ್ಲ. ನಾನು ಇನ್ನೂ ನಾಲ್ಕು ಮಾತು ಸೇರಿಸಿದೆ.

ಎರಡೂ ಮೀನು ಮುಗಿದವು. ಎಡಗಡೆಯ ಮೀನಿಗೆ ಕಣ್ಣಿಟ್ಟೆ. ಬಲಗಡೆಗೆ ಹೋಗಿ ಬ್ರಷ್ಷನ್ನು ಕಪ್ಪಿನಲ್ಲಿ ಅದ್ದಿದೆ, ಫೋನ್ ಬಂತು. ಬೆಂಗಳೂರಿನ ಪ್ರಕಾಶನದ ಮೇಡಂ. ಚಪ್ಪರದಡಿ ಮಾತು ತುಂಡುತುಂಡಾಗುತ್ತಿತ್ತು, ಬ್ರಷ್ಷು ಇಟ್ಟು ರಸ್ತೆಯ ಕಡೆಗೆ ಓಡಿದೆ. ನನ್ನ ಮೂರೂ ಪುಸ್ತಕ ತುಂಬಾ ಶಾಲೆಗಳ ಲೈಬ್ರರಿಗೆ ಹೋಗುತ್ತವಂತೆ. ನಾಲ್ಕನೆಯದು ಬೇಗ ಬೇಕಂತೆ, ಈ ಸಲ ಕಡಲಿಗೆ ಹೆದರುವ ಮಗುವಿನ ಕತೆ ಮಾಡಿ, ನೀವು ಕಡಲ ತಡಿಯವರೇ ಅಲ್ಲವೇ ಎಂದರು. ಇಪ್ಪತ್ತು ವರ್ಷದಿಂದ ಯಾರಾದರೂ ಹೀಗೆ ಕರೆದು ಹೇಳಲಿ ಎಂದು ಕಾದವಳು ನಾನು. ಮಾತಾಡುತ್ತಿರುವಾಗಲೇ ಮಳೆ ಸುರಿಯಿತು. ಯಾರದೋ ಮಾಡಿನಡಿ ನಿಂತು ಮುಗಿಸಿ, ನೆನೆಯುತ್ತಾ ಓಡಿ ಬಂದು ದೋಣಿಗೆ ಟಾರ್ಪಾಲು ಎಳೆದು ಮನೆಗೆ ಹೋದೆ. ನೆಲದ ಮೇಲೆ ಕಾಲಿರಲಿಲ್ಲ.

ಸಂಜೆ ಶ್ರಾವ್ಯಳ ಬಲಗೈ ಹೆಬ್ಬೆರಳು ಕಪ್ಪಾಗಿತ್ತು. "ಬಣ್ಣದ ಡಬ್ಬಿ ಮುಟ್ಬೇಡ ಅಂತ ಎಷ್ಟ್ ಸಲ ಹೇಳುದ್?" ಎಂದು ಗದರಿ, ಎಂಜಿನ್ನಿಗೆಂದು ಇಟ್ಟಿದ್ದ ಸೀಮೆಎಣ್ಣೆ ಒಂದು ಚೂರು ಬಟ್ಟೆಗೆ ಹಾಕಿ ಅವಳ ಬೆರಳು ತಿಕ್ಕಿ ತೊಳೆದೆ. "ಅತ್ತೆ, ಮೀನಿಗೆ..." ಎಂದು ಅವಳು ಏನೋ ಹೇಳಲು ಬಂದಳು. "ಮೀನ್ ನಾಳಿಗೆ" ಎಂದು ಬಾಯಿ ಮುಚ್ಚಿಸಿದೆ. ಆವತ್ತು ಮನೆಯಲ್ಲಿ ಪಾಯಸ.

ಎರಡು ದಿನ ಬಿಡದೆ ಹೊಡೆದ ಮಳೆ ಮೂರನೆಯ ಬೆಳಿಗ್ಗೆ ಹೊಳವಾಯಿತು. ನಾನು ಎದ್ದವಳೇ ಮೇಜಿಗೆ ಕೂತು ಹೊಸ ಪುಸ್ತಕದ ಮಗುವನ್ನು ಬರೆಯುತ್ತಿದ್ದೆ. ಮಂಜ "ಅಕ್ಕ, ಬತ್ತೆ" ಎಂದ. ನಮ್ಮಲ್ಲಿ ಕಡಲಿಗೆ ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ. ನಾವೂ ಎಲ್ಲಿಗೆ ಎಂದು ಕೇಳುವುದಿಲ್ಲ. "ಹ್ಞಾ" ಎಂದೆ, ತಲೆ ಎತ್ತಲಿಲ್ಲ.

ಶ್ರಾವ್ಯ ಬಂದು ಮೇಜಿನ ಮೂಲೆ ಹಿಡಿದು ನಿಂತಳು. "ಅತ್ತೆ, ಕಣ್ಣ್ ಸೊಟ್ಟ ಇದ್ರೆ ಕಾಂತಿಲ್ಯಾ?"

ನಾನು ಬರೆಯುತ್ತಿದ್ದ ಮಗುವಿನ ಕಣ್ಣಿನ ಬಗ್ಗೆ ಕೇಳಿದಳೆಂದೇ ತಿಳಿದೆ. "ಸೊಟ್ಟ ಕಣ್ಣಿಗೆ ಸೊಟ್ಟ ದಾರಿಯೇ ಕಾಂಬುದ್" ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ನಗಲಿಲ್ಲ ಎಂಬುದನ್ನು ನಾನು ಗಮನಿಸಲೂ ಇಲ್ಲ.

ದೂರದಲ್ಲಿ ಎಂಜಿನ್ನು ಶುರುವಾದ ಸದ್ದು ಕೇಳಿತು. ಆಗ, ನನ್ನ ಚಿತ್ರದ ಮಗುವಿಗೆ ಕಣ್ಣಿಡಲು ಬ್ರಷ್ಷು ಎತ್ತಿದ ಆ ಗಳಿಗೆಯಲ್ಲಿ, ನೆನಪಾಯಿತು. ಬಲಗಡೆಯ ಮೀನು! ಕಾಲಿಗೆ ಚಪ್ಪಲಿಯಿಲ್ಲದೆ ಓಡಿದೆ. ಹೊಳೆಯ ದಂಡೆಗೆ ಮುಟ್ಟುವಾಗ ದೋಣಿ ಅಳಿವೆಯ ಬಾಯಲ್ಲಿತ್ತು. ಆರು ಜನರ ತಲೆ ಕಾಣಿಸಿತು. ಮೂತಿ ಎದ್ದಿತು, ಬಿತ್ತು, ಇನ್ನೊಮ್ಮೆ ಎದ್ದಿತು. ನನಗೆ ಕಾಣುತ್ತಿದ್ದದ್ದು ಎಡಗಡೆ ಮಾತ್ರ. ಎಡಗಡೆಯ ಮೀನು ನನ್ನನ್ನೇ ನೋಡುತ್ತಿತ್ತು.

ನಾನು ಓದಿದವಳು. ಗ್ರಹಣದ ದಿನ ಊಟ ಮಾಡುವವಳು. ಬೆಕ್ಕು ಅಡ್ಡ ಬಂದರೆ ನಿಂತು ಅದರ ಚಿತ್ರ ಬರೆದುಕೊಳ್ಳುವವಳು. ಮೀನಿನ ಕಣ್ಣಿಗೂ ದೋಣಿಗೂ ಎಂಥ ಸಂಬಂಧ ಎಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ. ಹೇಳಿಕೊಂಡಷ್ಟೂ ಆ ಮೀನೇ ಕಣ್ಣ ಮುಂದೆ ಬಂತು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮಂಜನ ಹೆಂಡತಿ ಲಲಿತಾ "ಎಂತ ಅಕ್ಕ, ಮೋರೆ ಬೆಳ್ಚಿಂಡಿತ್ತಲೆ?" ಎಂದದ್ದಕ್ಕೆ ತಲೆನೋವು ಎಂದೆ. ಹತ್ತು ಗಂಟೆಗೆ ಗಾಳಿ ತಿರುಗಿತು. ಹನ್ನೊಂದಕ್ಕೆ ಪಡುವಣ ದಿಕ್ಕು ಕಪ್ಪಾಯಿತು. ಗಂಜಿಯ ತಟ್ಟೆ ಹಾಗೆಯೇ ಬಿಟ್ಟು ಎದ್ದೆ.

ಮಧ್ಯಾಹ್ನ ದಾಟಿದ ಮೇಲೆ ದಂಡೆಯಿಂದ ಕೂಗು ಕೇಳಿತು. ನೆರೆಮನೆಯ ಬಾಬಣ್ಣ ಗದ್ದೆಯ ಅಂಚಿನಲ್ಲಿ ಓಡಿ ಬರುತ್ತಿದ್ದರು. "ಹ್ವಾಯ್! ದೋಣಿ ಮಗ್ಚಿತ್! ಅಳಿವಿ ಬಾಯಂಗೆ ಮಂಜನ್ ದೋಣಿ ಮಗ್ಚಿತ್!"

ಲಲಿತಾ ಕೂತಲ್ಲೇ ಕೂತಳು. ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಬಲಗಡೆಗಾ?" ಬಾಬಣ್ಣ ನನ್ನನ್ನು ವಿಚಿತ್ರವಾಗಿ ನೋಡಿದರು. ಮಗುಚಿದ ದೋಣಿಗೆ ಬಲ ಯಾವುದು, ಎಡ ಯಾವುದು.

ನಾವು ಹೋಗುವಾಗ ಐದು ಜನ ಮರಳ ಮೇಲೆ ಕೂತು ನೀರು ಕಾರುತ್ತಿದ್ದರು. ಆರನೆಯವನು ಇರಲಿಲ್ಲ. ದೋಣಿ ತಡೆಗೋಡೆಯ ಕಲ್ಲಿಗೆ ಬಡಿದು ತುಂಡಾಗಿ ಕೆಲವು ಹಲಗೆ ತೇಲುತ್ತಿದ್ದವು. ಮಂಜ ಎಲ್ಲಿ ಎಂದು ಕೇಳುವುದಕ್ಕೂ ಯಾರಿಗೂ ಧೈರ್ಯವಿಲ್ಲ, ಹೇಳುವುದಕ್ಕೂ ಇಲ್ಲ. ಲಲಿತಾ ಕಡಲಿಗೆ ಮುಖ ಮಾಡಿ ನಿಂತಳು. ಅಳಲಿಲ್ಲ. ಅಳುವುದೆಂದರೆ ಒಪ್ಪಿಕೊಂಡ ಹಾಗೆ. ನಾನು ಅವಳ ಹಿಂದೆ ನಿಂತೆ. ಅವಳ ಗಂಡನ ದೋಣಿಗೆ ಕಣ್ಣಿಡದೆ ಫೋನಿನಲ್ಲಿ ನಗುತ್ತಾ ನಿಂತವಳು ನಾನು ಎಂದು ಅವಳಿಗೆ ಗೊತ್ತಾದರೆ? ಆ ಹೊತ್ತಿನಲ್ಲಿ ತಮ್ಮನಿಗಾಗಿ ಹೆದರಿದೆನೋ, ಆ ಗುಟ್ಟಿಗಾಗಿ ಹೆದರಿದೆನೋ, ಈಗಲೂ ಬೇರ್ಪಡಿಸಿ ಹೇಳಲಾರೆ. ಹೇಳಲು ನಾಚಿಕೆಯಾಗುತ್ತದೆ. ಶ್ರಾವ್ಯ ನನ್ನ ಸೀರೆಯ ನೆರಿಗೆ ಹಿಡಿದಿದ್ದಳು. ಒಂದು ಕೈಯಿಂದ ಮಾತ್ರ. ಇನ್ನೊಂದು ಕೈ ಬೆನ್ನ ಹಿಂದೆ ಇತ್ತು.

ನಾಲ್ಕು ಗಂಟೆ ಹೊತ್ತು ಕಾದೆವು. ಮಳೆ ಬಂತು, ಹೋಯಿತು. ಸಂಜೆ ಐದರ ಮೇಲೆ ಬಾಬಣ್ಣನ ಫೋನಿಗೆ ಕರೆ ಬಂತು. ತೆಂಕಿನ ದಿಕ್ಕಿಗೆ ಒಂದೂವರೆ ಮೈಲು ದೂರದ ದಂಡೆಯಲ್ಲಿ, ಸೀಮೆಎಣ್ಣೆಯ ಖಾಲಿ ಕ್ಯಾನು ತಬ್ಬಿಕೊಂಡ ಒಬ್ಬನನ್ನು ತೆರೆ ಎತ್ತಿ ಹಾಕಿದೆಯಂತೆ. ಜೀವ ಇದೆಯಂತೆ. ಲಲಿತಾ ಆಗ ಅತ್ತಳು.

ಕುಂದಾಪುರದ ಆಸ್ಪತ್ರೆಯಲ್ಲಿ ಮಂಜ ಒಂದು ವಾರ ಇದ್ದ. ಭುಜದ ಎಲುಬು ಮುರಿದಿತ್ತು, ಎದೆಯಲ್ಲಿ ನೀರು. ಮನೆಗೆ ಬಂದ ಮೇಲೂ ಕೈ ಕುತ್ತಿಗೆಗೆ ಕಟ್ಟಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದ. ನನ್ನನ್ನು ಕಂಡರೆ ನಗುತ್ತಿದ್ದ. ಆ ನಗು ನನಗೆ ಚುಚ್ಚುತ್ತಿತ್ತು. ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಗಟ್ಟಿ ಮಾಡಿಕೊಳ್ಳುತ್ತಿದ್ದೆ, ಕಾಫಿ ಲೋಟ ಅವನ ಕೈಗೆ ಕೊಟ್ಟು ವಾಪಸು ಬರುತ್ತಿದ್ದೆ. ಮೇಜಿನ ಮೇಲೆ ನಾಲ್ಕನೆಯ ಪುಸ್ತಕ ಹಾಗೆಯೇ ಬಿದ್ದಿತ್ತು. "ಹೆದರಬೇಡ" ಎಂದು ಬರೆಯುತ್ತಿದ್ದೆ, ಹೊಡೆದು ಹಾಕುತ್ತಿದ್ದೆ. ಯಾವ ಮುಖದಿಂದ ಬರೆಯಲಿ? ಮಳೆ ಜೋರಾದರೆ ಎದೆ ಹಾರುತ್ತಿತ್ತು. ಬೈಕು ಮನೆಯ ಮುಂದೆ ನಿಂತರೆ ಯಾರೋ ಸುದ್ದಿ ತಂದರೆಂದು ಹಾರುತ್ತಿತ್ತು. ಚಿತ್ರದ ಮಗು ಕಣ್ಣಿಲ್ಲದೆ ನನ್ನ ಕಡೆಗೆ ಮುಖ ಮಾಡಿ ಇತ್ತು. ಅದನ್ನು ಬೋರಲು ಹಾಕಿದೆ.

ಆ ದಿನಗಳಲ್ಲಿ ಶ್ರಾವ್ಯ ಮಾತು ಬಿಟ್ಟಳು. ಮೀನಿನ ಸಾರು ಬಡಿಸಿದರೆ ತಟ್ಟೆ ಸರಿಸುತ್ತಿದ್ದಳು. ಬಣ್ಣದ ಪೆಟ್ಟಿಗೆ ಮುಟ್ಟಲಿಲ್ಲ. ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ಇರುತ್ತಿದ್ದಳು, ಊಟಕ್ಕೆ ಕೂತಾಗಲೂ. "ಹೆಣ್ಣ್ ಹೆದ್ರಿಂಡಿತ್," ಎಂದು ಲಲಿತಾ ಉಪ್ಪು ಮೆಣಸು ನಿವಾಳಿಸಿದಳು, ದೇವಸ್ಥಾನದಿಂದ ನೂಲು ತಂದು ಕಟ್ಟಿದಳು. ನಾನು ಎಂತ ಮಾಡಿದೆ? ಮಕ್ಕಳ ಮನಸ್ಸು ಬಲ್ಲವಳು ಎಂದು ಮುನ್ನುಡಿಗಳಲ್ಲಿ ಹೊಗಳಿಸಿಕೊಂಡ ನಾನು? ಅಪ್ಪನಿಗೆ ಹೀಗಾಯಿತಲ್ಲ, ಅದಕ್ಕೇ ಎಂದುಕೊಂಡು ನನ್ನ ಗುಟ್ಟಿನೊಳಗೆ ಮುಳುಗಿದ್ದೆ.

ಎರಡು ವಾರ ಕಳೆದು ಬಾಬಣ್ಣ ಬಂದು ಹೇಳಿದರು, "ನಿಮ್ ದೋಣಿ ಮೂತಿ ತೆಂಕ್ ದಿಕ್ಕಂಗೆ ಕಲ್ಲಿನ್ ಎಡಿಗೆ ಸಿಕ್ಕಂಡಿತ್. ಮೀನಿನ್ ಚಿತ್ರ ಇತ್ತಲೆ, ಅದ್ರಂಗೇ ಗೊತ್ತಾಯ್ತ್."

ಯಾರಾದರೂ ಸರಿಯಾಗಿ ನೋಡಿದರೆ? ಬೇರೆ ಯಾರಿಗಿಂತ ಮೊದಲು ನಾನು ಅಲ್ಲಿಗೆ ಮುಟ್ಟಬೇಕು. ಹೇಳಿದರೆ ನೀವು ನಗುತ್ತೀರಿ, ಚೀಲದಲ್ಲಿ ಕಪ್ಪು ಬಣ್ಣದ ಡಬ್ಬಿ ಮತ್ತು ಬ್ರಷ್ಷು ಹಾಕಿಕೊಂಡು ಹೋದೆ. ಮುರಿದ ದೋಣಿಗೆ ಕಣ್ಣಿಡಲು!

ಮೂತಿ ಕಲ್ಲುಗಳ ನಡುವೆ ಓರೆಯಾಗಿ ಸಿಕ್ಕಿಕೊಂಡಿತ್ತು. ಎಡಗಡೆ ಪೂರ್ತಿ ಕಿತ್ತು ಹೋಗಿತ್ತು. ನಾನಿಟ್ಟ ಕಣ್ಣು ಇರಲಿಲ್ಲ. ತೆರೆ ಹಿಂದೆ ಹೋಗುವುದನ್ನು ಕಾದು, ಸೀರೆ ಎತ್ತಿ ಕಟ್ಟಿ, ಕಲ್ಲು ಹಿಡಿದು ಆಚೆ ಬದಿಗೆ ಇಳಿದೆ. ಬಲಗಡೆಯ ಮೀನು ಅಲ್ಲೇ ಇತ್ತು. ಬೆನ್ನಿನ ಗೆರೆ ತರಚಿತ್ತು.

ಮೀನಿಗೆ ಕಣ್ಣಿತ್ತು.

ಕಪ್ಪು ಎನಾಮೆಲ್ಲಿನ ಒಂದು ಗುರುತು, ಇರಬೇಕಾದ ಜಾಗಕ್ಕಿಂತ ತುಸು ಕೆಳಗೆ, ಓರೆಯಾಗಿ. ಬಗ್ಗಿ ನೋಡಿದೆ. ಬ್ರಷ್ಷಿನದಲ್ಲ. ಬೆರಳಿನದು. ಒಳಗಿನ ಸಣ್ಣ ಗೆರೆಗಳು ಕೂಡ ಒಣಗಿ ನಿಂತಿದ್ದವು. ನನ್ನ ಹೆಬ್ಬೆರಳು ಅದರ ಮೇಲಿಟ್ಟೆ. ಗುರುತು ಪೂರ್ತಿ ಮುಚ್ಚಿಹೋಯಿತು, ಅಷ್ಟು ಚಿಕ್ಕದು. ಸೀಮೆಎಣ್ಣೆಯಲ್ಲಿ ನಾನೇ ತಿಕ್ಕಿ ತೊಳೆದ ಬೆರಳು ನೆನಪಾಯಿತು. "ಅತ್ತೆ, ಮೀನಿಗೆ..." ನೆನಪಾಯಿತು. ಮೇಜಿನ ಮೂಲೆ ಹಿಡಿದು ಕೇಳಿದ ಪ್ರಶ್ನೆ ನೆನಪಾಯಿತು, ನಾನು ಕೊಟ್ಟ ಉತ್ತರವೂ. ಆ ಕಲ್ಲಿನ ಮೇಲೆ ಕೂತುಬಿಟ್ಟೆ. ತೆರೆ ಸೊಂಟದವರೆಗೆ ನೆನೆಸಿ ಹೋಯಿತು, ಏಳಲಾಗಲಿಲ್ಲ. ಇಷ್ಟು ದಿನ ಹೆದರಿದ್ದು ಒಂದು ಲೆಕ್ಕವೇ ಅಲ್ಲ. ಏಳು ವರ್ಷದ ಮಗು ಎರಡು ವಾರದಿಂದ ಒಂಟಿಯಾಗಿ ಏನನ್ನು ಹೊತ್ತುಕೊಂಡು ತಿರುಗುತ್ತಿದೆ ಎಂದು ಗೊತ್ತಾದಾಗ ಆದ ಹೆದರಿಕೆಯೇ ಬೇರೆ.

ಮನೆಗೆ ಬಂದಾಗ ಅವಳು ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಮಂಜ ಇನ್ನೊಂದು ತುದಿಯಲ್ಲಿ ಕಂಬಕ್ಕೆ ಒರಗಿದ್ದ. ಒದ್ದೆ ಸೀರೆಯಲ್ಲೇ ಅವಳ ಎದುರು ಕೂತೆ. ಕಪ್ಪು ಡಬ್ಬಿ ತೆಗೆದು ನನ್ನ ಹೆಬ್ಬೆರಳನ್ನು ಅದ್ದಿ, ನೆಲದ ಮೇಲೆ ಒತ್ತಿದೆ. ಒಂದು ಕಪ್ಪು ಚುಕ್ಕೆ ಮೂಡಿತು.

"ಬಲಗಡಿ ಮೀನಿಗೆ ಕಣ್ಣ್ ಇಟ್ಟದ್ದ್ ನೀನಾ ಮಗಾ?"

ಅವಳ ಮುಷ್ಟಿ ಇನ್ನೂ ಬಿಗಿಯಾಯಿತು. ಆಮೇಲೆ ಒಮ್ಮೆಲೇ ಬಾಯಿ ಒಡೆಯಿತು. "ನೀವ್ ಮರ್ತ್ ಹೋದ್ರಿ ಅತ್ತೆ. ಅಪ್ಪಂಗೆ ದಾರಿ ಕಾಂತಿಲ್ಲ ಅಂತ ನಾನ್ ಇಟ್ಟೆ. ಸೊಟ್ಟ ಆಯ್ತ್. ಅದ್ಕೇ ದೋಣಿ ಸೊಟ್ಟ ಹೋಯ್ ಮಗ್ಚಿತ್. ನೀವೇ ಹೇಳ್ದ್ರಿ ಅಲ್ದಾ, ಸೊಟ್ಟ ಕಣ್ಣಿಗೆ ಸೊಟ್ಟ ದಾರಿ ಅಂತ."

ನಾನು ಅವಳನ್ನು ಎಳೆದು ಅಪ್ಪಿಕೊಂಡೆ. "ತಪ್ಪ್ ನಂದ್. ಕಣ್ಣ್ ಇಡುದ್ ಮರ್ತದ್ದ್ ನಾನ್" ಎಂದು ಮಂಜನಿಗೆ ಕೇಳುವ ಹಾಗೆಯೇ ಹೇಳಿದೆ. ಹೇಳಿ ಮುಗಿಸಿ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

ಮಂಜ ಕಂಬ ಬಿಟ್ಟು ನೆಟ್ಟಗೆ ಕೂತ. "ಎಂತ ಮರಾಯ್ತಿ ನೀವಿಬ್ರ್," ಎಂದ. "ಅಳಿವಿ ಬಾಯಂಗೆ ಹೂಳ್ ತುಂಬಿತ್. ಹಿಂದಿಂದ ತೆರಿ ಎತ್ತಿ ಒಗೀತ್. ಮೀನಿಗ್ ಹತ್ತ್ ಕಣ್ಣ್ ಇದ್ರೂ ಅಷ್ಟೇ ಅಲ್ದಾ?"

"ಅಪ್ಪಯ್ಯ ಹೇಳ್ತಿದ್ರಲೆ..." ಎಂದೆ.

"ಅಪ್ಪಯ್ಯ ಎಂತ ಹೇಳ್ತಿದ್ರ್? ಕಪ್ಪ್ ಮೊದ್ಲ್ ಇಟ್ರೆ ಉಳ್ದ್ ಬಣ್ಣಕ್ಕೆ ಹರ್ಡತ್ತ್, ಅದ್ಕೆ ಕಡಿಗೆ ಇಡ್ಕ್ ಅಂತಿದ್ರ್. ಜೀವ ಬಪ್ಪುದ್, ದಾರಿ ಕಾಂಬುದ್, ಅದೆಲ್ಲ ಕತಿ ಮಾಡದ್ದ್ ನೀನೇ ಅಕ್ಕ."

ಹೌದೇ? ಎಷ್ಟು ನೆನಪು ಮಾಡಿಕೊಂಡರೂ ಅಪ್ಪಯ್ಯನ ಬಾಯಲ್ಲಿ ಆ ಮಾತು ಕೇಳಿದ್ದು ನೆನಪಾಗಲಿಲ್ಲ. ಹರಡುತ್ತದೆ, ಕಡೆಗೆ ಇಡು ಎಂದದ್ದು ಮಾತ್ರ ಕಿವಿಯಲ್ಲಿತ್ತು. ಉಳಿದದ್ದೆಲ್ಲ ಒಂದು ಮಗುವಿನ ಕಣ್ಣು ಅಗಲವಾಗುವುದನ್ನು ನೋಡುವ ಆಸೆಗೆ ಅವತ್ತು ಚಪ್ಪರದಡಿ ಕೂತು ನಾನು ಹೆಣೆದದ್ದು. ಹೆಣೆದ ಬಲೆಗೆ ನಾನೇ ಬಿದ್ದೆ, ಮಗುವನ್ನೂ ಕೆಡವಿದೆ.

ಇಲ್ಲಿಗೆ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ತಪ್ಪು ನನ್ನದಾಗಿದ್ದರೆ ಮುಂದಿನ ಸಲ ಸರಿಯಾಗಿ ಕಣ್ಣಿಟ್ಟು ನೆಮ್ಮದಿಯಾಗಿ ಇರಬಹುದಿತ್ತು. ಎರಡೂ ಕಣ್ಣಿದ್ದ ದೋಣಿ ಮಗುಚಿತು ಎಂದರೆ ಇನ್ನು ಯಾವುದನ್ನು ಹಿಡಿದುಕೊಳ್ಳುವುದು? ನನಗೆ ಬಂದ ಯೋಚನೆಯೇ ಶ್ರಾವ್ಯಳಿಗೂ ಬಂದಿರಬೇಕು. ನನ್ನ ಹೆಗಲಿನಿಂದ ಮುಖ ಎತ್ತಿ ಅಪ್ಪನನ್ನು ಕೇಳಿದಳು, "ಹಾಂಗಾರೆ ಇನ್ನೊಂದ್ ಸಲವೂ ಮಗ್ಚತ್ತಾ?"

ಮಂಜ ನನ್ನನ್ನು ನೋಡಿದ. ಇದು ನಿನ್ನ ಕೆಲಸ, ನೀನು ಹೇಳು ಎನ್ನುವ ಹಾಗೆ. ಮೂರು ಪುಸ್ತಕದ ಕೊನೆಯ ಪುಟಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. ಇಲ್ಲ ಮಗಾ, ಏನೂ ಆಗುವುದಿಲ್ಲ, ಹೆದರಬೇಡ. ಹೇಳಲಾಗಲಿಲ್ಲ.

"ಗೊತ್ತಿಲ್ಲ ಮಗಾ," ಎಂದೆ. "ನಂಗೂ ಹೆದ್ರಿಕಿ ಆತ್."

"ನಿಮ್ಗೂ?"

"ಹ್ಞೂ. ದಿನಾ ಆತ್."

ಜಗಲಿಯ ಆಚೆ ತುದಿಯಿಂದ ಮಂಜ ನಿಧಾನವಾಗಿ ಹೇಳಿದ, "ನಂಗೂ ಆತ್, ಹೆಣ್ಣೆ. ಅಳಿವಿ ಬಾಯಿ ಬಂದ್ ಕೂಡ್ಲೆ ಆತ್."

ಅವನು ಹಾಗೆ ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಒಳಗೆ ಬಾಗಿಲ ಹಿಂದೆ ನಿಂತಿದ್ದ ಲಲಿತಾಳೂ ಕೇಳಿರಲಿಲ್ಲ ಎಂದು ಕಾಣುತ್ತದೆ, ಹೊರಗೆ ಬಂದು ಅವನ ಪಕ್ಕದಲ್ಲಿ ಕೂತಳು. ಶ್ರಾವ್ಯ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಮುಷ್ಟಿ ಬಿಚ್ಚಿ ನನ್ನ ಕೈ ಹಿಡಿದಳು. ಹೆಬ್ಬೆರಳು ಬೆವರಿ ಸುಕ್ಕುಗಟ್ಟಿತ್ತು. ಆ ದಿನ ರಾತ್ರಿ ಮೀನಿನ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡಳು.

ನಾಲ್ಕನೆಯ ಪುಸ್ತಕ ಆ ಮಳೆಗಾಲ ಮುಗಿಯುವುದರೊಳಗೆ ಆಯಿತು. ಅದರ ಹೆಸರು 'ಕೈ ಹಿಡ್ಕೋ'. ಕೊನೆಯ ಪುಟದಲ್ಲಿ ಸೊಂಟದ ಮೇಲೆ ಕೈಯಿಟ್ಟ ಮಗು ಇಲ್ಲ. ದಂಡೆಯಲ್ಲಿ ಒಂದು ಮಗು, ಒಬ್ಬಳು ಹೆಂಗಸು, ಕೈ ಕೈ ಹಿಡಿದು ನಿಂತಿದ್ದಾರೆ. ದೂರದಲ್ಲಿ ದೋಣಿ. ಬರುತ್ತಿದೆಯೋ ಹೋಗುತ್ತಿದೆಯೋ ನಾನು ಹೇಳಿಲ್ಲ. ಬೆಂಗಳೂರಿನ ಮೇಡಂ ಫೋನು ಮಾಡಿದರು. "ಮಗು ಹೆದರಿಕೆ ಬಿಡಲೇ ಇಲ್ಲವಲ್ಲ?" ಎಂದರು. ಬಿಡುವುದಿಲ್ಲ ಎಂದೆ. "ಆಯ್ತು, ಆದರೆ ದೋಣಿಯ ಮೀನಿನ ಕಣ್ಣು ಸೊಟ್ಟಗಿದೆ, ಅದನ್ನಾದರೂ ಸರಿಮಾಡಬಹುದಾ?" ಎಂದು ಕೇಳಿದರು. ಅದೊಂದನ್ನು ಮುಟ್ಟಬೇಡಿ ಎಂದೆ. ಆ ಕಣ್ಣು ನಾನು ಬರೆದದ್ದಲ್ಲ.

ಮಂಜ ಮರುವರ್ಷ ಹೊಸ ದೋಣಿಯಲ್ಲಿ ಕಡಲಿಗೆ ಇಳಿದ. ಬೇರೆ ಕೆಲಸ ನೋಡು ಎಂದು ನಾವು ಹೇಳಿದ್ದು ಹೌದು, ಅವನು ಕೇಳದಿದ್ದದ್ದೂ ಹೌದು. ಪ್ರತಿ ಜೂನಿನಲ್ಲಿ ಎರಡೂ ಮೀನು ನಾನು ಬರೆಯುತ್ತೇನೆ. ಎಡಗಡೆಯ ಕಣ್ಣು ನನ್ನದು, ಬ್ರಷ್ಷಿನಿಂದ. ಬಲಗಡೆಯದು ಶ್ರಾವ್ಯಳದು, ಹೆಬ್ಬೆರಳಿನಿಂದ. ಅದರಿಂದ ದಾರಿ ಕಾಣುತ್ತದೆ ಎಂದು ನಮ್ಮಿಬ್ಬರಲ್ಲಿ ಯಾರೂ ನಂಬುವುದಿಲ್ಲ. ಆದರೂ ಇಡುತ್ತೇವೆ. ಅವಳಿಗೀಗ ಹನ್ನೆರಡು. ಬಲಗಡೆಯ ಮೀನಿನ ಕಣ್ಣು ವರ್ಷವರ್ಷಕ್ಕೆ ದೊಡ್ಡದಾಗುತ್ತಿದೆ.

ಹಾಲಾಡಿಯಲ್ಲಿ ಬಣ್ಣದವರು ಬೆರಳು ಒರೆಸಿ ಮುಗಿಸಿದರು, ಡಬ್ಬಿಯ ಮುಚ್ಚಳ ಒತ್ತಿ ಹೋದರು. ದೊಡ್ಡ ದೊಡ್ಡ ಹನಿ ಬೀಳತೊಡಗಿತು. ನನ್ನ ಪಕ್ಕದಲ್ಲಿ ಶಾಲೆಯ ಹುಡುಗಿಯೊಬ್ಬಳು ಅಮ್ಮನ ಜೊತೆ ನಿಂತಿದ್ದಳು, ನನ್ನ ಗುರುತು ಹಿಡಿದು ನಕ್ಕಳು. ಗುಡುಗಿತು. ಅವಳು ಅಮ್ಮನ ಕೈ ಹಿಡಿದಳು. ನಾನು ಫೋನು ಹಿಡಿದುಕೊಂಡಿದ್ದೆ. ಗಂಟೆ ಎರಡೂವರೆ ಆಗಿತ್ತು. ಮಂಜನ ದೋಣಿ ದಂಡೆ ಮುಟ್ಟಿತೆಂದು ದಿನಾ ಎರಡರೊಳಗೆ ಮನೆಯಿಂದ ಕರೆ ಬರುತ್ತದೆ. ಕುಂದಾಪುರದ ಬಸ್ಸು ಬಂದು ನಿಂತಿತು, ಕಂಡಕ್ಟರು ಕೂಗಿದ, ನಾನು ಹತ್ತಲಿಲ್ಲ. ಬಸ್ಸಿನೊಳಗಿನ ಗಲಾಟೆಯಲ್ಲಿ ಕೇಳಿಸದಿದ್ದರೆ ಎಂಬ ಹೆದರಿಕೆ. ಬಸ್ಸು ಹೋಯಿತು. ಎರಡು ಮುಕ್ಕಾಲಿಗೆ ಫೋನು ಬಡಿದುಕೊಂಡಿತು. ಎತ್ತಿ ಕಿವಿಗಿಟ್ಟೆ.

"ಅತ್ತೆ," ಎಂದಳು ಶ್ರಾವ್ಯ. ಅವಳಿಗೂ ಉಸಿರು ಸಿಕ್ಕಿರಲಿಲ್ಲ, ದಂಡೆಯಿಂದಲೇ ಓಡಿ ಬಂದಿರಬೇಕು. "ಬಂದ್ರ್."